ಹತ್ತಿಯಲ್ಲ ಕಾಕಾ, ಹಿಮ!

ಸ್ಪ್ರೇ ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಏನೋ ಬರೆದಿತ್ತು. ಸಿದ್ದಲಿಂಗೇಶ್ ಓದಲಿಲ್ಲ. ಸಣ್ಣಕ್ಷರ ಓದುವುದು ವಿಲನ್ನಿನ ಗುಮಾಸ್ತನ ಕೆಲಸ, ಹೀರೋ ಆದವನು ನೇರವಾಗಿ ಫೈಟಿಗೆ ಇಳಿಯಬೇಕು ಎಂಬುದು ಅವನ ಸಿದ್ಧಾಂತ. ಡಿಸೆಂಬರಿನಲ್ಲಿ ಇಳಿದ. ಏಟು ಜನವರಿಯಲ್ಲಿ ಬಿತ್ತು.

ಕನ್ನಡ, ತೆಲುಗು ಬೆರೆಸಿ ಮಾತಾಡುವ ಆಂಧ್ರದ ಆದೋನಿಯಲ್ಲಿ, ಹತ್ತಿಯ ಮಾರ್ಕೆಟ್ ಯಾರ್ಡಿಗೆ ಹೋಗುವ ರಸ್ತೆಯಲ್ಲಿ ಸಿದ್ದಲಿಂಗೇಶನದೊಂದು ಫ್ಯಾನ್ಸಿ ಸ್ಟೋರು. ಬಳೆ, ಕ್ಲಿಪ್ಪು, ಬಲೂನು, ಹುಟ್ಟುಹಬ್ಬದ ಟೋಪಿ. ಊರಿಗೆಲ್ಲ ಅವನು ಸಿದ್ದು. ಕ್ರಿಸ್‌ಮಸ್ಸಿಗೆ ಅಂಗಡಿಯ ಮುಂದೊಂದು ಗಿಡ ನಿಲ್ಲಿಸಿದರೆ ಕಾಲೇಜು ಹುಡುಗಿಯರು ಸೆಲ್ಫಿಗೆ ಬರುತ್ತಾರೆ, ಬಂದವರು ಒಂದು ಕ್ಲಿಪ್ಪಾದರೂ ಕೊಳ್ಳುತ್ತಾರೆ ಎಂದು ಅವನಿಗೆ ಹೊಳೆಯಿತು. ತಾನು ಓದಿದ ಶಾಲೆಗೆ ಹೋದ. ಅವನಿಗೆ ನಾಲ್ಕನೇ ಕ್ಲಾಸು ಕಲಿಸಿದ ರಾಣಿ ಟೀಚರ್ ಈಗ ಅಲ್ಲಿ ಹೆಡ್‌ಮಿಸ್. ಶಾಲೆಗೆ ಆ ವರ್ಷ ಹೊಸದಾಗಿ ಎಂಟಡಿಯ ಗಿಡ ಬಂದಿತ್ತು. ಟೀಚರ ರೂಮಿನ ಬೀರುವಿನ ಹಿಂದೆ, ಗೋಣಿಚೀಲ ಹೊದ್ದುಕೊಂಡು, ಹಳೆಯದೊಂದು ಪ್ಲಾಸ್ಟಿಕ್ ಗಿಡ ಕೂತಿತ್ತು.

"ಕೊಡ್ತೀನಿ," ಅಂದರು ಟೀಚರ್. "ಆದ್ರ ಸಿದ್ದು, ನೀ ತಗೊಂಡೋದ ಸಾಮಾನು ಒಂದೂ ಸರಿಯಾಗಿ ವಾಪಸ್ ಬಂದಿಲ್ಲ. ನನ್ನ ಛತ್ರಿ ತಗೊಂಡೋದಿ, ಬರೀ ಕಡ್ಡಿ ಬಂತು. ಗ್ಲೋಬ್ ತಗೊಂಡೋದಿ, ಆಸ್ಟ್ರೇಲಿಯಾ ಇಲ್ದಂಗ ಬಂತು."

"ಟೀಚರ್, ಅದು ಹಳೇ ಸಿದ್ದು. ಈ ಸಿದ್ದು ಮಾತು ಕೊಟ್ರ ಅದು ಗೋಡಿಗೆ ಅಂಟಿಸಿದ ಪೋಸ್ಟರ್ ಇದ್ದಂಗ. ಮಳಿ ಬಂದ್ರೂ ಬೀಳಂಗಿಲ್ಲ!"

"ಡೈಲಾಗ್ ಬ್ಯಾಡ. ಗಿಡ ಬೇಕು."

ಅದೇ ಉಸಿರಿನಲ್ಲಿ ಅವನು ಮಗಳು ಮೌನಿಕಾಗೆ ಎಲ್ಕೇಜಿ ಸೀಟನ್ನೂ ಕೇಳಿಬಂದಿದ್ದ.

ಅಂಗಡಿಗೆ ತಂದು ಗೋಣಿ ಬಿಚ್ಚಿ ನೋಡಿದರೆ ಗಿಡ ಅವನ ಎದೆಮಟ್ಟ ಬಂತು. ಕೊಂಬೆಕೊಂಬೆಗೂ ಮಾಸಿದ ಹಳದಿ ಗಂಟುಗಳು. ಜೇಡರ ಬಲೆ ಅಂದುಕೊಂಡ. ಇದನ್ನು ಬಿಡಿಸುತ್ತ ಕೂರುವವರಾರು? ಹೈದರಾಬಾದಿನಿಂದ ಬಂದ ಮಾಲಿನಲ್ಲಿ ಹಿಮದ ಸ್ಪ್ರೇ ಇತ್ತು. ಹುಟ್ಟುಹಬ್ಬದ ನೊರೆಯಂತೆ ಇದೂ ಹತ್ತು ನಿಮಿಷದಲ್ಲಿ ಮಾಯವಾಗುತ್ತದೆಂದು ಮೂರು ಡಬ್ಬಿ ಹೊಡೆದ. ಮಾಯವಾಗಲಿಲ್ಲ; ಸಣ್ಣಕ್ಷರದಲ್ಲಿ ಬರೆದಿದ್ದೂ ಅದನ್ನೇ. ಗಿಡ ಬೆಳ್ಳಗೆ, ಸುಣ್ಣ ಬಳಿದ ಗೋಡೆಯ ಹಾಗೆ ಗಟ್ಟಿಯಾಗಿ ನಿಂತಿತು. ಸೆಲ್ಫಿಗೇನೋ ಜನ ಬಂದರು. ಕ್ಲಿಪ್ಪು ಯಾರೂ ಕೊಳ್ಳಲಿಲ್ಲ.

ಹೀಗಿರುವಾಗ ಸಂಕ್ರಾಂತಿ ರಜೆಗೆ ಮುಂಚಿನ ಶನಿವಾರ ಬೆಳಿಗ್ಗೆ ಎಂಟಕ್ಕೆ ಫೋನು ಬಂತು.

"ಸಿದ್ದು, ಸಾಯಂಕಾಲ ಐದಕ್ಕ ಎಲ್ಕೇಜಿ ಪಟ್ಟಿಗೆ ಸೈನ್ ಹಾಕ್ತೀನಿ. ಒಂದ ಸೀಟು ಉಳದೈತಿ. ಅಷ್ಟರಾಗ ನನ್ನ ಗಿಡ ಬರ್ಬೇಕು. ತಗೊಂಡೋದಾಗ ಹೆಂಗಿತ್ತೋ ಹಂಗ. ಇಲ್ಲಂದ್ರ ಸೀಟು ಬ್ಯಾರೇರಿಗೆ."

ಫೋನು ಇಟ್ಟ ಸಿದ್ದು ಗಿಡದ ಕಡೆ ನೋಡಿದ. ಗಿಡ ಹಿಮಾಲಯದ ಹಾಗೆ ತಣ್ಣಗೆ ಅವನ ಕಡೆ ನೋಡಿತು.

*

ಹೆಂಡತಿ ಅಶ್ವಿನಿ ಫೋನಿನಲ್ಲಿ ಹುಡುಕಿ ಐದು ನಿಮಿಷದಲ್ಲಿ ದಾರಿ ಕಂಡುಹಿಡಿದಳು.

"ಏನ್ರೀ, ಕೇಳ್ರಿ. ಮೊದ್ಲು ಸೀರಿಯಲ್ ಲೈಟ್ ಬಿಚ್ಚಬೇಕಂತ. ಬಯಲಾಗ ಹಳೇ ಬೆಡ್‌ಶೀಟ್ ಹಾಸಿ, ಮೂಗಿಗೆ ಬಾಯಿಗೆ ಬಟ್ಟಿ ಕಟ್ಕೊಂಡು, ಮೆತ್ತನೆ ಬ್ರಶ್ಶಿಂದ ಮ್ಯಾಲಿಂದ ಕೆಳಗ ಒಂದೊಂದ ಕೊಂಬಿ ತಿಕ್ಕಬೇಕಂತ. ಬಿಸಿನೀರು, ಬೆಂಕಿ ಏನೂ ತಾಗಿಸಬಾರ್ದಂತ. ನಾಲ್ಕೈದು ತಾಸು ಹಿಡಿತೈತಂತ."

"ನಾಲ್ಕೈದು ತಾಸು? ಬ್ರಶ್ಶು? ಅಶ್ವಿನೀ, ಹುಲಿ ಮೀನು ಹಿಡಿಯಾಕ ಗಾಳ ಹಾಕ್ಕೊಂಡು ಕೂಡಂಗಿಲ್ಲ. ಒಂದ ನೆಗೆತ. ಅಯಿಪೋಯಿಂದಿ, ಮುಗೀತು!"

"ಹುಲಿ ಮೀನು ತಿಂತಾವೇನು?" ಎಂದು ಕೇಳಿದಳು ಮೌನಿಕಾ. ಮೂರೂವರೆ ವರ್ಷದ ಈ ಹುಡುಗಿ ಹೆಸರಿಗೆ ಮಾತ್ರ ಮೌನಿಕಾ.

ಹುಲಿ ಸ್ನಾನದ ಮನೆಗೆ ಹೋಗಿ ಎರಡು ಬಕೆಟ್ ಬಿಸಿನೀರು ತಂದು, ಅಂಗಡಿಯ ಮುಂದೆಯೇ ಗಿಡದ ನೆತ್ತಿಯ ಮೇಲೆ ಸುರಿಯಿತು. ಪುಡಿಯಾಗಿ ಉದುರಬೇಕಿದ್ದ ಹಿಮ ರಾಗಿ ಅಂಬಲಿಯ ಹಾಗೆ ಜೋತುಬಿತ್ತು. ಕೊಂಬೆಗೆ ಕೊಂಬೆ ಅಂಟಿಕೊಂಡಿತು. ಗಿಡ ಈಗ ಗಿಡದಂತೆ ಕಾಣಲಿಲ್ಲ. ಮಳೆಯಲ್ಲಿ ನೆಂದು ಮನೆಗೆ ಬಂದ ಕುರಿಯಂತಿತ್ತು.

ಎದುರಿನ ಮಂಡಿಯಿಂದ ಪಂಚಾಕ್ಷರಯ್ಯ ಕಾಕಾ ಇಳಿದುಬಂದರು. ಐವತ್ತು ವರ್ಷ ಹತ್ತಿ ವ್ಯಾಪಾರ ಮಾಡಿದ ಜೀವ. ಹಣೆಯ ಮೇಲೆ ವಿಭೂತಿ, ಅಂಗಿಯ ತುಂಬ ಹತ್ತಿಯ ಎಳೆ. ಬಿಳಿ ಏನೇ ಕಂಡರೂ ಅವರ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಒಮ್ಮೆ ಬೀಗರ ಮನೆಯ ಊಟದಲ್ಲಿ ಶಾವಿಗೆಯನ್ನೂ ಎಳೆದು ಉದ್ದ ನೋಡಿದ್ದರಂತೆ. ಈಗ ಒಂದು ಕೊಂಬೆಯೊಳಗೆ ಬೆರಳು ಹಾಕಿ ಚಿಟಿಕೆ ಕಿತ್ತರು. ಎರಡು ಹೆಬ್ಬೆರಳ ನಡುವೆ ಹಿಡಿದು ಎಳೆದರು. ಕಣ್ಣು ಕಿರಿದು ಮಾಡಿದರು.

"ತೇವ ಜಾಸ್ತಿ. ಹಳೇ ಮಾಲು. ಹತ್ತಿಪ್ಪತ್ತು ವರ್ಷದ್ದು ಐತಿ. ಎಲ್ಲಿ ಹಿಡದಿ ತಮ್ಮಾ ಇದನ್ನ?"

"ಹತ್ತಿಯಲ್ಲ ಕಾಕಾ, ಹಿಮ! ಸ್ನೋ! ಡಬ್ಬಿಯಾಗ ಬರ್ತದ. ಹೋದ ತಿಂಗಳ ಬಂದದ್ದು."

"ನಂಗ ಹೇಳ್ತಿಯೇನು? ಎಳಿ ಉದ್ದ ಐತಿ. ಈಗಿನ ಬೀಜದಾಗ ಇಂಥ ಎಳಿ ಎಲ್ಲಿ ಬರ್ತದ?"

"ಕಾಕಾ, ನಿಮಗ ಮೋಡ ಕಂಡ್ರೂ ಹತ್ತಿ."

"ಮೋಡದಾಗೂ ಕಸ ಇರ್ತದ," ಎಂದು ಕಾಕಾ ಆ ಚಿಟಿಕೆಯನ್ನು ಬಿಸಾಡಲು ಮನಸ್ಸು ಬಾರದೆ ಕಿವಿಯ ಸಂದಿನಲ್ಲಿ ಸಿಕ್ಕಿಸಿಕೊಂಡು ಹೋದರು.

*

ಹತ್ತೂವರೆಗೆ ಹುಲಿಗೇಶ ಬಂದ. ಸಿದ್ದುವಿನ ಬಾಲ್ಯದ ಗೆಳೆಯ, ಈಗ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಮೆಕ್ಯಾನಿಕ್ಕು. ಮಿಷಿನ್ನಿನಿಂದ ಬಗೆಹರಿಯದ ಕಷ್ಟ ಜಗತ್ತಿನಲ್ಲಿ ಇದೆ ಎಂದು ಅವನು ಒಪ್ಪುತ್ತಿರಲಿಲ್ಲ.

"ಲೇ ಮಾವಾ, ಟೆನ್ಷನ್ ತೀಸ್ಕೋಕು, ಚಿಂತಿ ಬ್ಯಾಡ. ಮಿಲ್ಲಿನಾಗ ಮಿಷಿನ್ ಕ್ಲೀನ್ ಮಾಡೋ ಬ್ಲೋವರ್ ಐತಿ. ಒಂದ್ಸಲ ಊದಿದ್ರ ನಿನ್ನ ಹಿಮ ಸೀದಾ ಗುಂತಕಲ್ ಜಂಕ್ಷನ್ನಿಗೆ!"

"ಅದು ಡೈಲಾಗು! ತಗೊಂಡ್ಬಾ."

ಹುಲಿಗೇಶ ಬ್ಲೋವರ್ ತರುವಷ್ಟರಲ್ಲಿ ಬಿಸಿಲಿಗೆ ಗಿಡ ಮುಕ್ಕಾಲು ಒಣಗಿತ್ತು. ಗುಂಡಿ ಒತ್ತಿದ. ಆ ಕ್ಷಣ ಆದೋನಿಯ ಇತಿಹಾಸದಲ್ಲಿ ಮೊದಲ ಬಾರಿಗೆ ಮಂಜು ಬಿತ್ತು. ಬಿಳಿ ಪುಡಿ ಮೇಲೆದ್ದು, ಕರೆಂಟಿನ ತಂತಿಯ ತನಕ ಹೋಗಿ, ಅಲ್ಲಿಂದ ಸಾವಕಾಶವಾಗಿ ಇಳಿಯತೊಡಗಿತು. ಎಮ್ಮಿಗನೂರಿನ ಶೇರ್ ಆಟೋ ಒಂದು ನಿಂತೇಬಿಟ್ಟಿತು. ಒಳಗಿದ್ದ ಮಕ್ಕಳು "ಮಂಚು! ಮಂಚು ಪಡುತಾಂದಿ!" ಎಂದು ಕುಣಿದವು. ಪಕ್ಕದ ಬಂಡಿಯ ಮಂಡಕ್ಕಿ ಉಗ್ಗಾಣಿಯ ಗುಡ್ಡದ ಮೇಲೂ ಹಿಮ ಬಿತ್ತು. ಬಂಡಿಯವಳು ಸೌಟು ಹಿಡಿದು ತೆಲುಗಿನಲ್ಲಿ ಬಯ್ಯುತ್ತ ಓಡಿಬಂದಳು.

"ಸಚ್ಚಿನೋಡಾ! ಉಗ್ಗಾಣಿ ಮ್ಯಾಲ ಏನು ಉದುರ್ಸಿದ್ಯೋ? ಉಪ್ಪೋ, ಯೂರಿಯಾನೋ?"

ಆ ಉಗ್ಗಾಣಿಯನ್ನೆಲ್ಲ ಚೆಲ್ಲಬೇಕಾಯಿತು. ಹೊಸದಾಗಿ ಮಾಡಿಸಿಕೊಡುತ್ತೇನೆಂದು ಅಶ್ವಿನಿ ಕೈ ಮುಗಿದಳು. ಸಿದ್ದು ಕೈ ಮುಗಿಯಲೂ ಆಗದಷ್ಟು ಕೆಮ್ಮುತ್ತಿದ್ದ. ಪುಡಿಯೆಲ್ಲ ಅವನ ಮೂಗು, ಗಂಟಲು, ಹುಬ್ಬಿನಲ್ಲಿತ್ತು. ಕನ್ನಡಿಯಲ್ಲಿ ನೋಡಿಕೊಂಡರೆ ಹೀರೋ ಕಾಣಲಿಲ್ಲ. ಹೀರೋನ ತಾತನ ಪಾತ್ರಕ್ಕೆ ಮೇಕಪ್ಪು ಮಾಡಿಸಿಕೊಂಡ ಯಾರೋ ಕಂಡ.

"ಬಾಯಿಗೆ ಬಟ್ಟಿ ಕಟ್ಕೋರಿ ಅಂದ್ನಿಲ್ಲೇನು?" ಅಂದಳು ಅಶ್ವಿನಿ, ನೀರು ಕೊಡುತ್ತ. ಮಗಳನ್ನು ಆಗಲೇ ಒಳಗೆ ಕೂರಿಸಿ ಬಾಗಿಲು ಮುಚ್ಚಿ ಬಂದಿದ್ದಳು.

ಮೇಲಿನ ಪುಡಿಯಷ್ಟೇ ಹಾರಿತ್ತು. ಗಂಟುಗಳು ಕೊಂಬೆ ಬಿಡಲಿಲ್ಲ. ಹುಲಿಗೇಶ ಬ್ಲೋವರನ್ನು ಹೆಗಲಿಗೆ ಹಾಕಿ, "ಮಾವಾ, ನನ್ನ ಸರ್ವೀಸಿನಾಗ ಇಂಥ ಕೇಸ್ ನೋಡಿಲ್ಲ," ಎಂದು ಆಪರೇಷನ್ ಥಿಯೇಟರಿನಿಂದ ಹೊರಬಂದ ಡಾಕ್ಟರಂತೆ ತಲೆ ಅಲ್ಲಾಡಿಸಿ ಹೋದ.

ಸಿದ್ದು ಮೆಟ್ಟಿಲ ಮೇಲೆ ಕುಸಿದು ಕೂತ. ರಸ್ತೆಯಲ್ಲಿ ಹತ್ತಿಯ ಲಾರಿಯೊಂದು ಯಾರ್ಡಿನ ಕಡೆ ಹೋಯಿತು. ಅದರ ಬೆನ್ನಿನಿಂದ ನಾಲ್ಕು ಎಳೆ ಎದ್ದು, ಗಾಳಿಯಲ್ಲಿ ಹೊರಳಾಡಿ, ಬೇವಿನ ಟೊಂಗೆಗೆ ಹೋಗಿ ಕೂತವು.

ಚಿಕ್ಕವನಿದ್ದಾಗ ಇವೇ ಅವನ ಹಿಮ. ಆಗ ಲಾರಿಗಿಂತ ಎತ್ತಿನ ಬಂಡಿ ಹೆಚ್ಚು. ಚಿಪ್ಪಗಿರಿ ಕಡೆಯಿಂದ ರಾತ್ರಿಯಿಡೀ ನಡೆದು, ಬೆಳಗಿನ ಜಾವಕ್ಕೆ ಬಂಡಿಗಳ ಸಾಲು ಊರೊಳಗೆ ಬರುತ್ತಿತ್ತು. ಬಂಡಿಯ ಮೇಲೆ ಮನೆಯಷ್ಟೆತ್ತರ ಹತ್ತಿ. ದಾರಿಯ ಬೇವಿನ ಮರಗಳೆಲ್ಲ ಒಂದೊಂದು ಹಿಡಿ ಕಿತ್ತುಕೊಳ್ಳುತ್ತಿದ್ದವು. ಡಿಸೆಂಬರ್ ಬಂತೆಂದರೆ ಮರ, ತಂತಿ, ಎಮ್ಮೆಯ ಕೊಂಬು, ಅಜ್ಜಿಯರ ತುರುಬು, ಎಲ್ಲ ಬಿಳಿ. ಹುಡುಗರು ಬೇವಿನ ಮರ ಹತ್ತಿ ಅದನ್ನು ಬಿಡಿಸಿ ಜೇಬಿಗೆ ತುಂಬಿಕೊಂಡು ಶಾಲೆಗೆ ಒಯ್ಯುತ್ತಿದ್ದರು, ಕ್ರಿಸ್‌ಮಸ್ ಗಿಡಕ್ಕೆ. ಆ ಗಿಡವೋ, ಅದು ಗಿಡವಲ್ಲ, ಗೋಪುರ! ಅದರ ತುದಿಯ ನಕ್ಷತ್ರ ನೋಡಬೇಕಾದರೆ ಟೋಪಿ ಹಿಂದಕ್ಕೆ ಬೀಳುತ್ತಿತ್ತು.

ನಾಲ್ಕನೇ ಕ್ಲಾಸಿನಲ್ಲಿ ಒಂದು ಮಧ್ಯಾಹ್ನ ಸಿದ್ದು ಆ ಗಿಡದ ಹತ್ತಿಯನ್ನೆಲ್ಲ ಕಿತ್ತು ಗಡ್ಡ, ಮೀಸೆ ಮಾಡಿಕೊಂಡು, ಇನ್‌ಸ್ಪೆಕ್ಷನ್ನಿಗೆ ಬಂದಿದ್ದ ಬಿಳಿಗಡ್ಡದ ಸಾಹೇಬರ ಹಿಂದೆಯೇ ಅವರ ಹಾಗೆ ಕುಂಟುತ್ತ ಮೂರು ಕ್ಲಾಸು ಸುತ್ತಿದ್ದ. ಹುಡುಗರು ನಕ್ಕು ನಕ್ಕು ಬೆಂಚಿನಿಂದ ಬಿದ್ದರು. ಸಾಹೇಬರು ಹೋದ ಮೇಲೆ ರಾಣಿ ಟೀಚರ್ ಹೊಡೆಯಲಿಲ್ಲ. ಮೈದಾ ಹಿಟ್ಟಿನ ಅಂಟು ಕಲಸಿ ಮುಂದಿಟ್ಟು, "ಕಿತ್ತಾವನ ಹಚ್ಚಬೇಕು. ಬೆಲ್ ಹೊಡೀಲಿ ಬಿಡ್ಲಿ, ಮುಗಿಯೋ ತನಕ ಏಳಂಗಿಲ್ಲ," ಅಂದರು. ಬೆಲ್ ಹೊಡೆಯಿತು. ಎಲ್ಲರೂ ಮನೆಗೆ ಹೋದರು. ಸಿದ್ದು ಮತ್ತು ಗಿಡ, ಇಬ್ಬರೇ ಉಳಿದರು. ಟೀಚರ್ ಮೇಜಿನ ಹತ್ತಿರ ಪೇಪರು ತಿದ್ದುತ್ತ ಕೂತಿದ್ದರು. ಮಧ್ಯೆ ಒಮ್ಮೆ ಎದ್ದುಬಂದು ಒಂದು ಬನ್ನು ಕೊಟ್ಟು ಹೋದರು.

ಆ ಬನ್ನಿನ ರುಚಿ ಈಗಲೂ ನಾಲಗೆಯ ಮೇಲಿತ್ತು. ಆ ಗೋಪುರದಂಥ ಗಿಡ ಎಲ್ಲಿ ಹೋಯಿತೋ. ಅದರ ಮುಂದೆ ಈ ಎದೆಮಟ್ಟದ್ದು ಮೊಮ್ಮಗ.

"ಅಬ್ಬಯಾ, ಏಮಾಯಿಂದಿ? ಏನಾತು? ಹೆಣದ ಮುಂದ ಕೂತಂಗ ಕೂತಿ?"

ತಲೆ ಎತ್ತಿದರೆ ದಸ್ತಗಿರಮ್ಮ. ಓಣಿ ಓಣಿ ತಿರುಗಿ ಹಳೇ ಗಾದಿ ಬಿಚ್ಚಿ, ಹತ್ತಿ ಹಿಂಜಿ, ಹೊಸದಾಗಿ ತುಂಬಿಕೊಡುವ ಹೆಂಗಸು. ಹೆಗಲ ಮೇಲೆ ಅವಳೆತ್ತರದ ಹಿಂಜುವ ಬಿಲ್ಲು, ಕಂಕುಳಲ್ಲಿ ಗಂಟು. ಹೀರೋ ಸೋತು ಕೂತಾಗ ಕೈಯಲ್ಲಿ ಬಿಲ್ಲು ಹಿಡಿದು ಯಾರೋ ಬರಬೇಕು, ಬಂದರು. ಆದರೆ ಬಾಯಲ್ಲಿ ಎಲೆಯಡಿಕೆ ಇತ್ತು.

ಸಿದ್ದು ಕತೆ ಹೇಳಿದ. ದಸ್ತಗಿರಮ್ಮ ಗಿಡದ ಸುತ್ತ ಒಂದು ಸುತ್ತು ಬಂದಳು.

"ಇದನ್ನ ಬಡದ್ರ ಆಗಂಗಿಲ್ಲ, ತೊಳದ್ರ ಆಗಂಗಿಲ್ಲ. ಹಿಂಜಬೇಕು. ಬೆಡ್‌ಶೀಟ್ ಹಾಸು. ಮೂತಿಗೆ ಟವಲ್ ಕಟ್ಟು. ಲೈಟ್ ಬಿಚ್ಚು. ಹೆಂಡ್ತಿ ಹೇಳ್ಲಿಲ್ಲೇನು?"

"ಹೇಳಿದ್ಲು."

"ಮತ್ತ?"

ಸಿದ್ದು ಎದ್ದು ಬೆಡ್‌ಶೀಟ್ ತರಲು ಒಳಗೆ ಹೋದ.

ದಸ್ತಗಿರಮ್ಮ ಬಿಲ್ಲಿನ ತಂತಿಯನ್ನು ತುದಿಯ ಕೊಂಬೆಗೆ ತಾಗಿಯೂ ತಾಗದಂತೆ ಹಿಡಿದು ಮೀಟಿದಳು. ಠಂಯ್. ಕೊಂಬೆ ಸಣ್ಣಗೆ ನಡುಗಿತು. ಗಟ್ಟಿ ಹಿಮ ಚೂರು ಚೂರಾಗಿ ಬೆಡ್‌ಶೀಟಿನ ಮೇಲೆ ಉದುರಿತು. ಠಂಯ್, ಠಂಯ್. ಹಿಂದೆಯೇ ಸಿದ್ದು ಅಶ್ವಿನಿಯ ಮೇಕಪ್ ಬ್ರಶ್ಶಿನಿಂದ ಎಲೆಎಲೆಯನ್ನೂ ಒರೆಸುತ್ತ ಬಂದ. ಮೇಲಿನಿಂದ ಕೆಳಗೆ, ಒಂದಾದ ಮೇಲೊಂದು. ಅಶ್ವಿನಿ ಬೆಳಿಗ್ಗೆ ಎಂಟೂಕಾಲಿಗೆ ಹೇಳಿದ್ದನ್ನೇ ಹನ್ನೆರಡೂವರೆಗೆ ಶುರುಮಾಡಿದ್ದ. ಅಶ್ವಿನಿ ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದಳು. ಆ ನೋಟಕ್ಕಿಂತ ಬೈಗುಳವೇ ವಾಸಿಯಿತ್ತು.

ಚೂರಿನ ಒಳಗಿನಿಂದ ಮೆತ್ತನೆಯ ಹಳದಿ ಗಂಟು ಬಂದಾಗಲೆಲ್ಲ ದಸ್ತಗಿರಮ್ಮ ಅದನ್ನು ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು.

"ಅಬ್ಬಯಾ, ಇದು ಹತ್ತಿ."

"ಹತ್ತಿಯಲ್ಲ ಅತ್ತೀ, ಹಿಮ! ಕೆಮಿಕಲ್. ಒಳಗಿಂದು ಜೇಡರ ಬಲಿ."

"ಐವತ್ತು ವರ್ಷ ಆತು ಈ ಕೈಗೆ ಹತ್ತಿ ತಾಗಿ. ಜೇಡಕ್ಕ ಇಷ್ಟು ಹತ್ತಿ ಎಲ್ಲಿ ಸಿಕ್ಕಿತ್ತು?"

"ಈ ಊರಾಗ ಯಾರಿಗೆ ಬಿಳಿ ತೋರ್ಸಿದ್ರೂ ಹತ್ತಿ ಅಂತೀರಲ್ಲ!" ಸಿದ್ದು ಟವಲಿನೊಳಗೇ ನಕ್ಕ. "ಹತ್ತಿ ಆದ್ರ ನೀನ ಇಟ್ಕೋ."

"ಇಟ್ಕೊಂತೀನಿ," ಅಂದಳು ದಸ್ತಗಿರಮ್ಮ.

ನಾಲ್ಕಕ್ಕೆ ಗಿಡ ಹಸಿರಾಯಿತು. ಹಸಿರೆಂದರೆ ಎಂಥ ಹಸಿರು! ಒಂದು ಬಿಳಿಚುಕ್ಕೆ ಇಲ್ಲ, ಗಂಟಿಲ್ಲ. ಸಿದ್ದು ಒಂದು ಹೆಜ್ಜೆ ಹಿಂದೆ ಸರಿದು, ಕಾಲರ್ ಎತ್ತಿ, ಗಿಡಕ್ಕೆ ಸೆಲ್ಯೂಟ್ ಹೊಡೆದ. "ತಗೊಂಡೋದಾಗ ಹೆಂಗಿತ್ತೋ ಅದಕ್ಕಿಂತ ಚಂದ! ಟೀಚರ್ ನೋಡಿ ಕಣ್ಣೀರು ಹಾಕ್ಬೇಕು."

ದಸ್ತಗಿರಮ್ಮ ಆರಿಸಿದ ಗಂಟುಗಳನ್ನು ಅಷ್ಟರಲ್ಲಿ ಹಿಂಜಿ, ಅಂಗೈಯಗಲದ ಒಂದು ಹೂವಿನ ಬಟ್ಟೆಯಲ್ಲಿ ತುಂಬಿ, ನಾಲ್ಕು ಹೊಲಿಗೆ ಹಾಕಿ, ಬೊಂಬೆಗೊಂದು ದಿಂಬು ಮಾಡಿ ಮೌನಿಕಾಳ ಕೈಗೆ ಕೊಟ್ಟಿದ್ದಳು.

*

ಐದಕ್ಕೆ ಹತ್ತು ನಿಮಿಷ ಇರುವಾಗ ಮೂವರೂ ಹೆಡ್‌ಮಿಸ್ ರೂಮಿನಲ್ಲಿದ್ದರು. ಅಶ್ವಿನಿ ಬರ್ತ್ ಸರ್ಟಿಫಿಕೇಟ್ ಹಿಡಿದು, ಮೌನಿಕಾ ದಿಂಬು ಹಿಡಿದು, ಸಿದ್ದು ಗಿಡ ಹಿಡಿದು. ಮೇಜಿನ ಮೇಲೆ ಎಲ್ಕೇಜಿ ಪಟ್ಟಿ. ಕೊನೆಯ ಸಾಲು ಖಾಲಿ.

ರಾಣಿ ಟೀಚರ್ ಕನ್ನಡಕ ಏರಿಸಿದರು. ಗಿಡದ ಮೇಲಿನ ಕೊಂಬೆ ನೋಡಿದರು. ನಡುವಿನ ಕೊಂಬೆ ನೋಡಿದರು. ಕೊನೆಗೆ ಬಗ್ಗಿ ಕೆಳಗಿನ ಕೊಂಬೆಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಕಣ್ಣೀರೇನೋ ಬಂತು.

"ಎಲ್ಲೈತಿ?"

"ಏನು ಟೀಚರ್?"

"ಹತ್ತಿ."

ಸಿದ್ದುವಿನ ಬೆನ್ನಿನಲ್ಲಿ ನಿಜವಾದ ಹಿಮ ಇಳಿಯಿತು. "ಹತ್ತಿ... ಅದು ಹಿಮ ಅಲ್ಲೇನು ಟೀಚರ್? ಜೇಡರ..."

"ಇಪ್ಪತ್ತಾರು ವರ್ಷ ಈ ಗಿಡದ ಹತ್ತಿಗೆ ನಾ ಯಾರನ್ನೂ ಕೈ ಹಚ್ಚಾಕ ಬಿಟ್ಟಿಲ್ಲ. ಆಯಾಗೂ ಪೊರಕಿ ತಾಗಿಸಬ್ಯಾಡ ಅಂದೀನಿ. ಗೋಣಿಚೀಲ ಹೊದಿಸಿ ಇಟ್ಟಿದ್ನಿ. ನೀ ಕೇಳಿದಾಗ ಯಾಕ ಕೊಟ್ಟೆ? ಹಚ್ಚಿದಾವನ ಕೇಳಾಕತ್ತಾನ ಅಂತ ಕೊಟ್ಟೆ."

ಟೀಚರ್ ಗಿಡವನ್ನು ಮೆಲ್ಲಗೆ ಮಗ್ಗುಲಿಗೆ ಮಲಗಿಸಿದರು. ಮರದ ಪೀಠದ ಅಡಿ, ಕಂಪಾಸಿನ ಮೊನೆಯಿಂದ ಗೀಚಿದ ಸೊಟ್ಟ ಅಕ್ಷರ: ಸಿದ್ದು, 4-ಬಿ.

"ಇದು... ಆ ಗಿಡಾನಾ?" ಸಿದ್ದು ಆ ಅಕ್ಷರಗಳ ಮೇಲೆ ಬೆರಳಾಡಿಸಿದ. "ಅದು ಇಷ್ಟೆತ್ತರ ಇತ್ತಲ್ರೀ ಟೀಚರ್! ಛಾವಣಿ ಮುಟ್ತಿತ್ತು!"

"ಗಿಡ ಅಷ್ಟ ಐತಿ. ನೀ ಇಷ್ಟ ಇದ್ದಿ," ಎಂದು ಟೀಚರ್ ಮೇಜಿನ ಅಂಚಿಗಿಂತ ತುಸು ಮೇಲೆ ಕೈ ತೋರಿಸಿದರು.

ಬೆಳಗಿನಿಂದ ಅವನು ನಕ್ಕ ನಗುಗಳೆಲ್ಲ ಒಂದೊಂದಾಗಿ ವಾಪಸ್ ಬಂದವು. ಹಳೇ ಮಾಲು ಎಂದಿದ್ದರು ಕಾಕಾ. ಎಳೆ ಉದ್ದ ಎಂದಿದ್ದರು. ಜೇಡಕ್ಕೆ ಇಷ್ಟು ಹತ್ತಿ ಎಲ್ಲಿ ಸಿಕ್ಕಿತ್ತು ಎಂದು ಕೇಳಿದ್ದಳು ದಸ್ತಗಿರಮ್ಮ. ಊರಿಗೆ ಊರೇ ಹತ್ತಿ ಅಂದಿತ್ತು. ಹಚ್ಚಿದವನೊಬ್ಬನೇ ಅಲ್ಲ ಅಂದಿದ್ದ.

ಅವನ ಕಣ್ಣು ಮೆಲ್ಲಗೆ ಮಗಳ ಕಂಕುಳಿನ ಕಡೆ ಹೊರಳಿತು.

"ಕೊಡಂಗಿಲ್ಲ," ಎಂದಳು ಮೌನಿಕಾ, ದಿಂಬನ್ನು ಬೆನ್ನ ಹಿಂದೆ ಅಡಗಿಸುತ್ತ. "ನನ್ ಬೊಂಬಿ ಮಲಗೈತಿ."

ಐದು ನಿಮಿಷ ಸಂಧಾನ ನಡೆಯಿತು. ಎರಡು ಚಾಕಲೇಟು, ಒಂದು ಬಲೂನು, ಮತ್ತು "ನಾನೂ ಹಚ್ತೀನಿ" ಎಂಬ ಷರತ್ತಿನ ಮೇಲೆ ದಿಂಬು ಕೈ ಬದಲಾಯಿತು. ಹೊಲಿಗೆ ಬಿಚ್ಚಿದರೆ ಇಪ್ಪತ್ತಾರು ವರ್ಷದ ಹಿಂದಿನ ಡಿಸೆಂಬರು ಹೊರಬಂತು, ಸ್ವಲ್ಪ ಹಳದಿಯಾಗಿ.

ಟೀಚರ್ ಯಾರನ್ನೂ ಕೇಳದೆ ಒಳಗೆ ಹೋಗಿ ಮೈದಾ ಹಿಟ್ಟಿನ ಅಂಟು ಕಲಸಿ ತಂದರು. ಬಟ್ಟಲನ್ನು ನೆಲದ ಮೇಲೆ ಇಟ್ಟರು.

"ಕಿತ್ತಾವನ ಹಚ್ಚಬೇಕು. ಮುಗಿಯೋ ತನಕ ಏಳಂಗಿಲ್ಲ."

"ಟೀಚರ್, ನನಗ ಮೂವತ್ತಾರು ವರ್ಷ. ಅಂಗಡಿ ತಗದು ಬಂದೀನಿ."

"ಕೂಡು."

ಸಿದ್ದು ಕೂತ. ಬೆಲ್ ಹೊಡೆಯಿತು. ಮಕ್ಕಳೆಲ್ಲ ಚೀಲ ಕುಣಿಸುತ್ತ ಹೊರಗೋಡಿದರು. ಅಶ್ವಿನಿ ಫೋನೆತ್ತಿ ಗಂಡನ ಒಂದು ಫೋಟೋ ಹೊಡೆದುಕೊಂಡು ಅಂಗಡಿಗೆ ಹೋದಳು.

ಸ್ವಲ್ಪ ಹೊತ್ತಿಗೆ ಪಟ್ಟಿಗೆ ಸೈನ್ ಹಾಕಲು ಪೆನ್ನೆತ್ತಿದ ಟೀಚರ್ ಹಾಗೇ ನಿಂತರು. ಮೌನಿಕಾ ಹತ್ತಿಯ ದೊಡ್ಡ ಉಂಡೆಯೊಂದನ್ನು ಗದ್ದಕ್ಕೆ ಅಂಟಿಸಿಕೊಂಡು, ಕನ್ನಡಕ ಏರಿಸಿದ ಹಾಗೆ ಬೆರಳು ಆಡಿಸುತ್ತ, ಸೊಂಟದ ಮೇಲೆ ಕೈಯಿಟ್ಟು ಟೀಚರ ಹಿಂದೆಯೇ ಅವರ ಹಾಗೆ ನಡೆಯುತ್ತಿದ್ದಳು. ಸಿದ್ದು ಅವಳ ಫ್ರಾಕು ಹಿಡಿದೆಳೆಯಲು ಕೈ ಚಾಚಿದ, ಸಿಗಲಿಲ್ಲ. ಹೋಯಿತು ಸೀಟು.

ಟೀಚರ ತುಟಿಯ ತುದಿ ಅದುರಿತು. ಪಟ್ಟಿಯ ಕೊನೆಯ ಸಾಲಿನಲ್ಲಿ ಮೌನಿಕಾ ಎಂದು ಬರೆದರು. ಆಮೇಲೆ ಪೆನ್ನಿನಿಂದ ನೆಲ ತೋರಿಸಿದರು.

"ಸೀಟು ಆತು. ನೀನೂ ಕೂಡು, ನಿಮ್ಮಪ್ಪನ ಬಾಜೂಕ. ಕಿತ್ತಾವ್ರ ಹಚ್ಚಬೇಕು. ಸಿದ್ದು, ವರ್ಷಾ ಡಿಸೆಂಬರಿಗೆ ನೀನ ಬರ್ಬೇಕು. ಈಕಿ ಹತ್ತನೇ ಕ್ಲಾಸು ಮುಗಿಯೋ ತನಕ."

ತಂದೆ ಮಗಳು ಅಕ್ಕಪಕ್ಕ ಕೂತು ಹಚ್ಚತೊಡಗಿದರು. ಕಿಟಕಿಯ ಹೊರಗೆ ಹತ್ತಿಯ ಲಾರಿ ಹೋಗುವ ಸದ್ದು. ನೆಲದ ಮೇಲೆ ಕೂತು ನೋಡಿದರೆ ಗಿಡ ಮತ್ತೆ ಎತ್ತರವಾಗಿಯೇ ಇತ್ತು. ತುದಿ ನೋಡಲು ಸಿದ್ದು ತಲೆ ಎತ್ತಬೇಕಾಯಿತು. ಸ್ವಲ್ಪ ಹೊತ್ತಿಗೆ ಟೀಚರ್ ಎದ್ದುಬಂದು ಎರಡು ಬನ್ನು ಇಟ್ಟು ಹೋದರು.

"ಅಪ್ಪಾ," ಎಂದಳು ಮೌನಿಕಾ, ಬನ್ನಿಗೂ ಅಂಟು ಹಚ್ಚುತ್ತ. "ಮನಿಗೆ ಹೋಗೋ ಬೆಲ್ ಯಾವಾಗ ಹೊಡೀತಾರ?"

"ಹೊಡದು ಇಪ್ಪತ್ತಾರು ವರ್ಷ ಆತವ್ವಾ," ಎಂದ ಸಿದ್ದು. "ಟೀಚರ್ ಇನ್ನೂ ಬಿಟ್ಟಿಲ್ಲ."